ಕಾರ್ಬನ್ ತೆರಿಗೆ ಸುದ್ದಿಯನ್ನು ಅಳೆದು ನೋಡುವುದು ಹೇಗೆ?

ಯಾವುದೋ ದೇಶ ಕಾರ್ಬನ್ ತೆರಿಗೆ ಹಾಕಿದೆ, ಟನ್‌ಗೆ ಇಷ್ಟು ಡಾಲರ್ ಅಂತ ಸುದ್ದಿ ಬರುತ್ತದೆ. ಒಬ್ಬರು ಭೂಮಿ ಬದುಕಿತು ಅನ್ನುತ್ತಾರೆ, ಇನ್ನೊಬ್ಬರು ಉದ್ಯಮ ಮುಳುಗಿತು ಅನ್ನುತ್ತಾರೆ. ಇಬ್ಬರನ್ನೂ ಪಕ್ಕಕ್ಕಿಟ್ಟು ಆ ತೆರಿಗೆಯ ಯೋಗ್ಯತೆಯನ್ನು ನಾವೇ ತೂಗಿ ನೋಡಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಜೊತೆಗೆ ಒಂದಿಷ್ಟು ಅನುಮಾನದ ಬುದ್ಧಿ ಇರಲಿ.

ಮೂಲ ವಿಚಾರ ಸರಳ. ಹೊಗೆ ಬಿಡುವವರಿಗೆ ಲಾಭ, ಅದರ ನಷ್ಟ ಮಾತ್ರ ಎಲ್ಲರ ತಲೆಗೆ. ವಸ್ತುವಿನ ಬೆಲೆಯಲ್ಲಿ ಆ ನಷ್ಟ ಸೇರಿರುವುದೇ ಇಲ್ಲ. ಇಂಥ ನಷ್ಟವನ್ನು ತೆರಿಗೆ ಹಾಕಿ ಬೆಲೆಗೆ ಸೇರಿಸಬೇಕು ಎಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ವಾದಿಸಿದ್ದರು. ಇಂಗಾಲದ ವಿಷಯದಲ್ಲಿ ಅದನ್ನು ಮೊದಲು ಜಾರಿಗೆ ತಂದದ್ದು ಫಿನ್‌ಲೆಂಡ್, 1990ರಲ್ಲಿ.

ಮೊದಲು ಟನ್ ಯಾವುದರದ್ದು ನೋಡಿ

ಕೆಲವರು ಇಂಗಾಲದ ಟನ್ ಲೆಕ್ಕ ಹೇಳುತ್ತಾರೆ, ಹೆಚ್ಚಿನವರು ಕಾರ್ಬನ್ ಡೈಆಕ್ಸೈಡ್‌ನ ಟನ್ ಲೆಕ್ಕ ಹೇಳುತ್ತಾರೆ. ಎರಡೂ ಒಂದೇ ಅಲ್ಲ. 12 ಟನ್ ಇಂಗಾಲ ಉರಿದರೆ 44 ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಇಂಗಾಲದ ಟನ್‌ಗೆ 110 ಡಾಲರ್ ಅಂದರೆ ಡೈಆಕ್ಸೈಡ್‌ನ ಟನ್‌ಗೆ ಬರೀ 30 ಡಾಲರ್. ಹಳೆಯ ವರದಿಗಳನ್ನು ಓದುವಾಗ ಇದನ್ನು ನೋಡದೆ ಮುಂದೆ ಹೋಗಬೇಡಿ.

ಟನ್ನನ್ನು ಲೀಟರ್‌ಗೆ ಇಳಿಸಿ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಡೀಸೆಲ್ ಆದರೆ ಸುಮಾರು 2.7 ಕಿಲೋ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಮಾಡಿದರೆ ಹೆಚ್ಚುಕಮ್ಮಿ ಒಂದು ಕಿಲೋ, ನೈಸರ್ಗಿಕ ಅನಿಲದಿಂದಾದರೆ ಅದರ ಅರ್ಧದಷ್ಟು ಅಥವಾ ಇನ್ನೂ ಕಡಿಮೆ. ಇಷ್ಟು ನೆನಪಿದ್ದರೆ ಯಾವ ತೆರಿಗೆಯನ್ನಾದರೂ ಅಳೆಯಬಹುದು.

ತೆರಿಗೆ ಟನ್‌ಗೆ 50 ಡಾಲರ್ ಅಂದುಕೊಳ್ಳಿ. ಕಿಲೋಗೆ 5 ಸೆಂಟ್ ಆಯಿತು. ಪೆಟ್ರೋಲ್ ಲೀಟರ್‌ಗೆ ಹನ್ನೊಂದೂವರೆ ಸೆಂಟ್ ಏರುತ್ತದೆ. ಕಚ್ಚಾ ತೈಲದ ಬೆಲೆ ಏರಿಳಿದಾಗ ಪೆಟ್ರೋಲ್ ದರ ಇಷ್ಟು ಆಚೀಚೆ ಆಗುವುದು ಹೊಸದೇನಲ್ಲ. ಅದಕ್ಕಾಗಿ ಯಾರೂ ಮರುದಿನವೇ ಕಾರು ಮಾರುವುದಿಲ್ಲ. ವಿದ್ಯುತ್ ಕಂಪನಿಯ ಕತೆ ಬೇರೆ. ಕಲ್ಲಿದ್ದಲಿನ ಯೂನಿಟ್‌ಗೆ 5 ಸೆಂಟ್, ಅನಿಲದ್ದಕ್ಕೆ ಸುಮಾರು 2 ಸೆಂಟ್, ಗಾಳಿ ವಿದ್ಯುತ್ತಿಗೆ ಏನೂ ಇಲ್ಲ. ಯಾವ ಸ್ಥಾವರ ಓಡಿಸಬೇಕು, ಯಾವುದನ್ನು ನಿಲ್ಲಿಸಬೇಕು ಅನ್ನುವ ಲೆಕ್ಕ ಅಲ್ಲೇ ತಿರುಗಿಬೀಳುತ್ತದೆ.

ಬ್ರಿಟನ್ನಿನಲ್ಲಿ ಆಗಿದ್ದೂ ಇದೇ. ಅಲ್ಲಿ 2013ರಲ್ಲಿ ವಿದ್ಯುತ್ ಉತ್ಪಾದನೆಯ ಇಂಗಾಲಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಿದರು. ಅದರ ಹಿಂದಿನ ವರ್ಷ ಸುಮಾರು 40 ಶೇಕಡಾ ವಿದ್ಯುತ್ ಕಲ್ಲಿದ್ದಲಿನಿಂದ ಬರುತ್ತಿತ್ತು. ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಇದಕ್ಕೆ ಬೆಲೆ ಒಂದೇ ಕಾರಣವಲ್ಲ, ವಾಯುಮಾಲಿನ್ಯದ ನಿಯಮಗಳೂ ಇದ್ದವು. ನಾರ್ವೆಯಲ್ಲಿ 1991ರ ತೆರಿಗೆ ಸಮುದ್ರದ ಅನಿಲ ಬಾವಿಗಳಿಗೂ ತಟ್ಟಿತು. ಸ್ಲೈಪ್ನರ್ ಎಂಬಲ್ಲಿ 1996ರಿಂದ ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸಿ ಸಮುದ್ರತಳದ ಕೆಳಗೆ ತುಂಬತೊಡಗಿದರು. ಗಾಳಿಗೆ ಬಿಟ್ಟು ತೆರಿಗೆ ಕಟ್ಟುವುದಕ್ಕಿಂತ ಅದೇ ಅಗ್ಗವಾಗಿತ್ತು. ಒಟ್ಟಿನಲ್ಲಿ, ಕೈಗೆಟುಕುವ ಬೇರೆ ದಾರಿ ಇದ್ದಲ್ಲಿ ಸಣ್ಣ ತೆರಿಗೆಯೂ ಕೆಲಸ ಮಾಡುತ್ತದೆ. ಬೇರೆ ದಾರಿ ಇಲ್ಲದವರಿಗೆ ಅದು ಸುಮ್ನೆ ಇನ್ನೊಂದು ಖರ್ಚು.

ತೆರಿಗೆಯೋ, ಮಿತಿಯೋ?

ತೆರಿಗೆಯಲ್ಲಿ ಬೆಲೆ ಮೊದಲೇ ಗೊತ್ತಿರುತ್ತದೆ, ಹೊಗೆ ಎಷ್ಟು ಇಳಿಯುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಒಟ್ಟು ಹೊಗೆಗೆ ಮಿತಿ ಹಾಕಿ, ಅಷ್ಟು ಹೊಗೆ ಬಿಡಲು ಮಾತ್ರ ಪರವಾನಗಿ ಮಾರುವ ಪದ್ಧತಿಯಲ್ಲಿ ಇದು ಉಲ್ಟಾ. ಅದರಲ್ಲಿ ಮಿತಿ ಬಿಗಿ ಇದೆಯಾ ಅಂತ ನೋಡಬೇಕು. ಐರೋಪ್ಯ ಒಕ್ಕೂಟ 2005ರಲ್ಲಿ ಇಂಥ ಮಾರುಕಟ್ಟೆ ಶುರುಮಾಡಿತು. ಮೊದಲ ಹಂತದಲ್ಲಿ ಪರವಾನಗಿಗಳನ್ನು ಬೇಕಾಬಿಟ್ಟಿ ಹಂಚಿದ್ದರಿಂದ 2007ರ ಹೊತ್ತಿಗೆ ಅವುಗಳ ಬೆಲೆ ಸೊನ್ನೆಯ ಹತ್ತಿರ ಬಂದಿತ್ತು. ಹೆಚ್ಚುವರಿ ಪರವಾನಗಿಗಳನ್ನು ಹಿಂದಕ್ಕೆಳೆಯುವ ವ್ಯವಸ್ಥೆ 2019ರಲ್ಲಿ ಬಂತು. 2023ರ ಫೆಬ್ರುವರಿಯಲ್ಲಿ ಅದೇ ಮಾರುಕಟ್ಟೆಯಲ್ಲಿ ಟನ್ನಿನ ಬೆಲೆ 100 ಯೂರೋ ದಾಟಿತು.

ವಿನಾಯಿತಿಯ ಪಟ್ಟಿಯನ್ನೂ ಇಲ್ಲೇ ಓದಿಬಿಡಿ. ಕಾರ್ಖಾನೆಗಳು ಬೇರೆ ದೇಶಕ್ಕೆ ಓಡಿಹೋಗುತ್ತವೆ ಎಂಬ ಭಯದಿಂದ ಉಕ್ಕು, ಸಿಮೆಂಟಿನಂಥ ಉದ್ಯಮಗಳಿಗೆ ಪರವಾನಗಿಯನ್ನು ಪುಕ್ಕಟೆ ಕೊಡುವುದು ರೂಢಿ. ಐರೋಪ್ಯ ಒಕ್ಕೂಟ ಅದರ ಬದಲಿಗೆ ಗಡಿಯಲ್ಲೇ ಆಮದು ಸರಕಿನ ಇಂಗಾಲಕ್ಕೆ ಬೆಲೆ ಹಾಕುವ ದಾರಿ ಹಿಡಿದಿದೆ. 2023ರ ಅಕ್ಟೋಬರ್‌ನಿಂದ ಆಮದುದಾರರು ಬರೀ ಲೆಕ್ಕ ಒಪ್ಪಿಸಬೇಕಿತ್ತು, 2026ರಿಂದ ಹಣದ ಹೊಣೆಯೂ ಶುರು.

ದುಡ್ಡು ಎಲ್ಲಿಗೆ ಹೋಗುತ್ತದೆ?

ನನ್ನನ್ನು ಕೇಳಿದರೆ ದರಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ವಿದ್ಯುತ್ ಸ್ಥಾವರ, ಉಕ್ಕಿನ ಕುಲುಮೆ ಇವೆಲ್ಲ ಹತ್ತಾರು ವರ್ಷ ಬಾಳುವ ಹೂಡಿಕೆಗಳು. ಮುಂದಿನ ಚುನಾವಣೆಗೇ ತೆರಿಗೆ ಹೋಗುತ್ತದೆ ಅನ್ನಿಸಿದರೆ ಯಾವ ಕಂಪನಿಯೂ ಕುಲುಮೆ ಬದಲಿಸುವುದಿಲ್ಲ, ತೆರಿಗೆ ಹೋಗಲಿ ಅಂತ ಕಾಯುತ್ತದೆ. ತೆರಿಗೆ ಬಾಳುತ್ತದೋ ಇಲ್ಲವೋ ಅನ್ನುವುದು ಜನರ ಜೇಬಿನ ಮೇಲೆ ನಿಂತಿದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2008ರಲ್ಲಿ ಟನ್‌ಗೆ 10 ಕೆನಡಾ ಡಾಲರ್‌ನಿಂದ ಶುರುಮಾಡಿತು. ಬಂದ ಹಣಕ್ಕೆ ಸಮನಾಗಿ ಬೇರೆ ತೆರಿಗೆಗಳನ್ನು ಇಳಿಸಿತು, ಬಡವರಿಗೆ ನೆರವು ಕೊಟ್ಟಿತು. ಆ ತೆರಿಗೆ ವರ್ಷಗಟ್ಟಲೆ ಉಳಿಯಿತು. ಫ್ರಾನ್ಸ್‌ನಲ್ಲಿ ಇಂಧನ ತೆರಿಗೆ ಏರುತ್ತಾ ಹೋಯಿತು, ದೂರದ ಊರುಗಳಿಂದ ಕಾರಿನಲ್ಲೇ ಕೆಲಸಕ್ಕೆ ಹೋಗುವವರಿಗೆ ವಾಪಸ್ ಬಂದದ್ದು ಕಾಣಲಿಲ್ಲ. 2018ರ ನವೆಂಬರ್‌ನಲ್ಲಿ ಹಳದಿ ಅಂಗಿ ತೊಟ್ಟು ಜನ ರಸ್ತೆಗಿಳಿದರು. ಸರ್ಕಾರ ಮುಂದಿನ ವರ್ಷದ ಏರಿಕೆಯನ್ನು ಕೈಬಿಟ್ಟಿತು.

ಹಾಗಾದರೆ ಹಣ ವಾಪಸ್ ಕೊಟ್ಟರೆ ಮುಗಿಯಿತಾ? ಅದೂ ಇಲ್ಲ. ಆಸ್ಟ್ರೇಲಿಯಾ 2012ರಲ್ಲಿ ಟನ್‌ಗೆ 23 ಆಸ್ಟ್ರೇಲಿಯನ್ ಡಾಲರ್ ದರ ತಂದಾಗ ಆದಾಯ ತೆರಿಗೆಯಲ್ಲಿ ದೊಡ್ಡ ರಿಯಾಯಿತಿಯನ್ನೂ ಕೊಟ್ಟಿತ್ತು. ಎರಡೇ ವರ್ಷದಲ್ಲಿ, 2014ರಲ್ಲಿ, ಕಾಯ್ದೆ ರದ್ದಾಯಿತು. ಕೆನಡಾದ ಕೇಂದ್ರ ಸರ್ಕಾರ ಇಂಧನ ಶುಲ್ಕದ ಬಹುಪಾಲನ್ನು ಮನೆಗಳಿಗೇ ಮರಳಿಸುತ್ತಿತ್ತು. ಮೊದಲು ಅದನ್ನು ವರ್ಷದ ತೆರಿಗೆ ಲೆಕ್ಕದೊಳಗೆ ಸೇರಿಸುತ್ತಿದ್ದರು, 2022ರಿಂದ ಮೂರು ತಿಂಗಳಿಗೊಮ್ಮೆ ನೇರವಾಗಿ ಕೊಟ್ಟರು. ಆದರೂ 2025ರ ಏಪ್ರಿಲ್‌ನಲ್ಲಿ ಗ್ರಾಹಕರ ಮೇಲಿನ ಆ ಶುಲ್ಕ ಹೋಯಿತು. ಬ್ರಿಟಿಷ್ ಕೊಲಂಬಿಯಾದ್ದೂ ಅದೇ ದಿನ ನಿಂತಿತು. ಬಂಕಿನಲ್ಲಿ ಕೊಟ್ಟ ದುಡ್ಡು ವಾರವಾರ ಕಣ್ಣಿಗೆ ಬೀಳುತ್ತದೆ, ಖಾತೆಗೆ ಬಿದ್ದದ್ದು ನೆನಪಿರುವುದಿಲ್ಲ ಅಲ್ವಾ? ಆದ್ದರಿಂದ ಹಣ ವಾಪಸ್ ಬರುತ್ತದೆಯೇ ಅಂತ ಕೇಳಿ, ಯಾವ ಹೆಸರಲ್ಲಿ, ಎಷ್ಟು ಸಲ, ಕಣ್ಣಿಗೆ ಕಾಣುವ ಹಾಗೆ ಬರುತ್ತದೆಯೇ ಅಂತಲೂ ಕೇಳಿ.

ದರ ಸಾಕೇ? ಬಡ್ಡಿ ಕೇಳಿ

ಒಂದು ಟನ್ ಹೊಗೆಯಿಂದ ಒಟ್ಟು ಎಷ್ಟು ನಷ್ಟ? ಅಮೆರಿಕ ಸರ್ಕಾರ 2021ರಲ್ಲಿ ತಾತ್ಕಾಲಿಕವಾಗಿ 51 ಡಾಲರ್ ಎಂದಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ 190 ಡಾಲರ್ ಎಂದಿತು. ನಷ್ಟದ ಅಂದಾಜುಗಳು ಬದಲಾಗಿದ್ದವು ನಿಜ. ಆದರೆ ದೊಡ್ಡ ಕೈವಾಡ ಬಡ್ಡಿ ದರದ್ದು: ಅದು 3 ಶೇಕಡಾದಿಂದ 2ಕ್ಕೆ ಇಳಿದಿತ್ತು.

ಮುಂದಿನ ನಷ್ಟವನ್ನು ಇಂದಿನ ಬೆಲೆಗೆ ತರುವಾಗ ಈ ದರ ಬಳಸುತ್ತಾರೆ. ನೂರು ವರ್ಷದ ನಂತರದ 1000 ಡಾಲರ್ ನಷ್ಟ, 5 ಶೇಕಡಾ ದರದಲ್ಲಿ ಇಂದಿಗೆ ಸುಮಾರು 8 ಡಾಲರ್. 3 ಶೇಕಡಾದಲ್ಲಿ 52. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಹವಾಮಾನದ ಬಗೆಗಿನ 2006ರ ವರದಿಯಲ್ಲಿ ಬಳಸಿದ ಸುಮಾರು 1.4 ಶೇಕಡಾದಲ್ಲಿ ಹತ್ತಿರ ಹತ್ತಿರ 250. ಅಷ್ಟು ಕಡಿಮೆ ದರ ಸರಿಯಲ್ಲ ಎಂದು ತಕರಾರು ತೆಗೆದ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹಾಸ್ ಅವರಿಗೆ 2018ರಲ್ಲಿ ನೊಬೆಲ್ ಬಂತು. ಜಗಳ ಇನ್ನೂ ಮುಗಿದಿಲ್ಲ. ಇನ್ನೂ ಹುಟ್ಟದವರ ನಷ್ಟಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಬರೀ ಗಣಿತದ ಪ್ರಶ್ನೆಯಲ್ಲ. ಹಾಗಾಗಿ ಯಾರಾದರೂ ನಷ್ಟದ ಅಂಕಿ ಹೇಳಿದರೆ, ಯಾವ ದರದಲ್ಲಿ ಅಂತ ಮೊದಲು ಕೇಳಿ.

ಕೊನೆಗೆ ಆಫ್‌ಸೆಟ್

ತಾವು ಹೊಗೆ ಇಳಿಸುವ ಬದಲು ಬೇರೆಯವರು ಇಳಿಸಿದ ಲೆಕ್ಕವನ್ನು, ಅಂದರೆ ಕ್ರೆಡಿಟ್ಟನ್ನು, ಕೊಂಡು ತೋರಿಸಲು ಕೆಲವು ಯೋಜನೆಗಳು ಕಂಪನಿಗಳಿಗೆ ಬಿಡುತ್ತವೆ. ಇದೇ ಆಫ್‌ಸೆಟ್. ಹೊಗೆ ಇಳಿಸಲು ದೇಶಗಳು ಮಾಡಿಕೊಂಡ ಕ್ಯೋಟೋ ಒಪ್ಪಂದದ ಕಾಲದಲ್ಲಿ ಇದರಿಂದ ಒಂದು ವಿಚಿತ್ರ ನಡೆಯಿತು. ಶೀತಲೀಕರಣದ ಅನಿಲ ತಯಾರಿಸುವ ಕಾರ್ಖಾನೆಗಳಲ್ಲಿ ಎಚ್‌ಎಫ್‌ಸಿ-23 ಎಂಬ ಉಪ ಅನಿಲ ಹುಟ್ಟುತ್ತದೆ. ಭೂಮಿ ಕಾಯಿಸುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಬಲದ್ದು. ಅದನ್ನು ಸುಟ್ಟರೆ ಸಿಗುವ ಕ್ರೆಡಿಟ್‌ನ ಹಣ ಎಷ್ಟಿತ್ತೆಂದರೆ, ಸುಡುವುದಕ್ಕಾಗಿಯೇ ಹೆಚ್ಚು ಹುಟ್ಟಿಸುವ ಆಸೆ ಹುಟ್ಟಿತು. ಐರೋಪ್ಯ ಒಕ್ಕೂಟ 2013ರಲ್ಲಿ ಆ ಕ್ರೆಡಿಟ್‌ಗಳನ್ನು ನಿಷೇಧಿಸಿತು, 2021ರಿಂದ ತನ್ನ ಮಾರುಕಟ್ಟೆಯಲ್ಲಿ ಹೊರಗಿನ ಕ್ರೆಡಿಟ್‌ಗಳನ್ನೇ ಒಪ್ಪುತ್ತಿಲ್ಲ.

ನೀವು ನೋಡುತ್ತಿರುವ ಯೋಜನೆಯಲ್ಲಿ ಆಫ್‌ಸೆಟ್‌ಗೆ ಮಿತಿಯೇ ಇಲ್ಲದಿದ್ದರೆ, ಲೀಟರ್ ಮತ್ತು ಯೂನಿಟ್ ಲೆಕ್ಕವನ್ನು ಆಫ್‌ಸೆಟ್‌ನ ಅಗ್ಗದ ದರ ಹಾಕಿ ಇನ್ನೊಮ್ಮೆ ಮಾಡಿ. ಕಂಪನಿಗಳು ನಿಜವಾಗಿ ಕಟ್ಟುವುದು ಆ ದರವನ್ನು.