ರಾಗಿಯ ಎಸ್‌ಎನ್‌ಪಿ: ಸುಳ್ಳು ಹೆಟಿರೋಜೈಗಸ್ ತಾಣಗಳನ್ನು ತೆಗೆದದ್ದು ಹೀಗೆ

ರಾಗಿ ತಳಿಗಳ ಡಿಎನ್‌ಎಯಲ್ಲಿ ಎಸ್‌ಎನ್‌ಪಿ (ಒಂದೇ ಅಕ್ಷರದ ವ್ಯತ್ಯಾಸ) ಹುಡುಕುವಾಗ ಸಾವಿರಾರು ತಾಣಗಳಲ್ಲಿ ಎಲ್ಲ ತಳಿಗಳೂ ಎ/ಜಿ, ಅಂದರೆ ಹೆಟಿರೋಜೈಗಸ್ (ಜೋಡಿಯ ಎರಡು ಪ್ರತಿಗಳಲ್ಲಿ ಬೇರೆ ಬೇರೆ ಅಕ್ಷರ) ಎಂದೇ ಬರುತ್ತಿದ್ದವು. ರೀಡ್‌ಗಳಲ್ಲಿ, ಅಂದರೆ ಯಂತ್ರ ಓದಿದ ಡಿಎನ್‌ಎ ತುಣುಕುಗಳಲ್ಲಿ, ಅರ್ಧ ಎ, ಅರ್ಧ ಜಿ. ಸ್ವಕೀಯ ಪರಾಗಸ್ಪರ್ಶದ ರಾಗಿಯ ಶುದ್ಧ ತಳಿಗಳಲ್ಲಿ ಇದು ನಂಬುವ ಮಾತಲ್ಲ. ಸೀಕ್ವೆನ್ಸಿಂಗ್ ಆಳ (ಪ್ರತಿ ತಾಣವನ್ನು ಓದುವ ಸಲ) ಹೆಚ್ಚಿಸಿದೆ, ವಿರಳ ಆಲೀಲ್‌ಗಳನ್ನು (ಕೆಲವೇ ತಳಿಗಳಲ್ಲಿ ಕಾಣುವ ರೂಪಗಳು) ಕೈಬಿಟ್ಟೆ, ಪ್ರಯೋಜನವಾಗಲಿಲ್ಲ.

ರಾಗಿಯಲ್ಲಿ ಎ, ಬಿ ಎಂಬ ಹೆಸರಿನ (ಡಿಎನ್‌ಎ ಅಕ್ಷರ ಎ ಅಲ್ಲ) ಎರಡು ಉಪಜೀನೋಮ್‌ಗಳು, ಅಂದರೆ ಒಂದನ್ನೊಂದು ಹೋಲುವ ಎರಡು ವರ್ಣತಂತು ಗುಂಪುಗಳು, ಇವೆ. ರೀಡ್‌ಗಳನ್ನು ಹೋಲಿಸಿ ನೋಡುವ ಜೀನೋಮ್‌ನ ಕರಡು ಜೋಡಣೆಯಲ್ಲಿ ಇವು ಬೆರೆತಿದ್ದರೆ ಎರಡು ಪ್ರತಿಗಳ ವ್ಯತ್ಯಾಸವೇ ಎಸ್‌ಎನ್‌ಪಿ ಮಾರ್ಕರ್‌ನ ವೇಷ ಹಾಕುತ್ತದೆ.

ಹಾಗಾಗಿ 18 ಜೋಡಿ ವರ್ಣತಂತುಗಳೂ ಪ್ರತ್ಯೇಕವಾಗಿರುವ ಕೆಎನ್‌ಇ 796-ಎಸ್ ಎಂಬ ರಾಗಿ ತಳಿಯ ಜೀನೋಮ್‌ಗೆ ಬಿಡಬ್ಲ್ಯೂಎ-ಮೆಮ್ ತಂತ್ರಾಂಶದಿಂದ ರೀಡ್‌ಗಳನ್ನು ಹೊಂದಿಸಿದೆ. ಮ್ಯಾಪಿಂಗ್ ಗುಣಮಟ್ಟ (ರೀಡ್ ಸರಿಯಾದ ಜಾಗಕ್ಕೇ ಹೊಂದಿದೆ ಎಂಬ ಭರವಸೆಯ ಅಂಕ) 30ಕ್ಕಿಂತ ಕಡಿಮೆ ಇರುವ ರೀಡ್‌ಗಳನ್ನೆಲ್ಲ ಸ್ಯಾಮ್‌ಟೂಲ್ಸ್ ತಂತ್ರಾಂಶದಲ್ಲಿ ತೆಗೆದು, ಆಮೇಲೆಯೇ ಎಸ್‌ಎನ್‌ಪಿ ಹುಡುಕಿದೆ. ಈ ಕ್ರಮ ತಪ್ಪಬಾರದು: ನಂತರ ಸೋಸಿದರೆ ಬೆರಕೆ ರೀಡ್‌ಗಳ ಎಣಿಕೆ ಜೀನೋಟೈಪ್‌ನೊಳಗೆ ಸೇರಿಬಿಟ್ಟಿರುತ್ತದೆ. ಕೊನೆಗೆ ಆಳ ಸರಾಸರಿಯ ಎರಡು ಪಟ್ಟು ಮೀರಿದ ತಾಣಗಳನ್ನೂ, 10%ಕ್ಕಿಂತ ಹೆಚ್ಚು ತಳಿಗಳಲ್ಲಿ ಹೆಟಿರೋಜೈಗಸ್ ಆದವನ್ನೂ ಬಿಟ್ಟೆ.

ಎಫ್2 ಸಸಿಗಳಿಗೆ (ಎರಡು ತಳಿಗಳ ಸಂಕರದ ಎರಡನೇ ಪೀಳಿಗೆ) ಈ 10% ಮಿತಿ ಹಾಕಬೇಡಿ. ಅಲ್ಲಿ ಅರ್ಧದಷ್ಟು ಹೆಟಿರೋಜೈಗಸ್ ಇರುವುದೇ ಸಹಜ.