ಹೊಸ ಮರಗಪ್ಪೆ ಏನೂ ತಿನ್ನುತ್ತಿಲ್ಲವೇ?

ನಮ್ಮ ಗುಂಡ ಮನೆಗೆ ಬಂದ ಮೇಲೆ ಒಂಬತ್ತು ದಿನ ಏನನ್ನೂ ಮುಟ್ಟಲಿಲ್ಲ. ಅವನದು ಆಸ್ಟ್ರೇಲಿಯಾ ಮೂಲದ ಹಸಿರು ಮರಗಪ್ಪೆ ಜಾತಿ. ಇಲ್ಲಿ ಡಲ್ಲಾಸ್‌ನಲ್ಲಿ ವೈಟ್ಸ್ ಟ್ರೀ ಫ್ರಾಗ್ ಅಂತ ಮಾರುತ್ತಾರೆ. ಮಗಳು ದಿನಾ ಗಾಜಿಗೆ ಮೂಗು ಒತ್ತಿಕೊಂಡು ಕೂರುತ್ತಿದ್ದಳು. ನಾನು ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದೆ. ಎರಡೂ ತಪ್ಪು.

ಮೊದಲ ಮೂರು ದಿನ ಸುಮ್ನೆ ಬಿಟ್ಟುಬಿಡಿ. ದಿನಾ ನೀರು ಬದಲಿಸುವುದು ಬಿಟ್ಟರೆ ಟ್ಯಾಂಕಿಗೆ ಕೈ ಹಾಕಬೇಡಿ. ಮೂರು ಬದಿಗೆ ಹೊರಗಿನಿಂದ ನ್ಯೂಸ್‌ಪೇಪರ್ ಅಂಟಿಸಿ, ಒಳಗೆ ಮನಿ ಪ್ಲಾಂಟ್ ಇಡಿ. ಅಡಗಲು ಜಾಗ ಸಿಕ್ಕರೆ ಕಪ್ಪೆಗೆ ಧೈರ್ಯ ಬರುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ನೀರು ಕೊಡಿ. ಕಪ್ಪೆ ಬಾಯಲ್ಲಿ ಕುಡಿಯುವುದಿಲ್ಲ, ಚರ್ಮದಿಂದಲೇ ನೀರು ಹೀರಿಕೊಳ್ಳುತ್ತದೆ.

ಆಮೇಲೆ ಥರ್ಮಾಮೀಟರ್ ನೋಡಿ. ಜನವರಿಯ ಚಳಿಯಲ್ಲಿ ನಮ್ಮ ಟ್ಯಾಂಕ್ 19 ಡಿಗ್ರಿಗೆ ಇಳಿದಿತ್ತು. ಅಷ್ಟು ತಣ್ಣಗಿದ್ದರೆ ಕಪ್ಪೆಗೆ ಹಸಿವೂ ಆಗುವುದಿಲ್ಲ, ತಿಂದದ್ದು ಅರಗುವುದೂ ಇಲ್ಲ. ಹಗಲು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ, ರಾತ್ರಿ 20ಕ್ಕಿಂತ ಕೆಳಗೆ ಬೇಡ. ನಾನು ಬೆಳಕು ಬಾರದ ಸೆರಾಮಿಕ್ ಹೀಟರ್ ಹಾಕಿದೆ. ಅದು ಜಾಲರಿಯ ಹೊರಗೇ ಇರಬೇಕು. ಒಳಗಿಟ್ಟರೆ ಕಪ್ಪೆ ಹೋಗಿ ಅಂಟಿಕೊಂಡು ಸುಟ್ಟುಕೊಳ್ಳುತ್ತದೆ.

ಊಟ ಕೊಡುವುದು ರಾತ್ರಿ, ದೀಪ ಆರಿಸಿ ಒಂದು ಗಂಟೆ ಆದ ಮೇಲೆ. ಮಿಡತೆಯಂಥ ಕ್ರಿಕೆಟ್ ಹುಳ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಸತ್ತ ಹುಳ ಹಾಕಿ ಕಾಯಬೇಡಿ, ಅಲುಗಾಡದ್ದು ಅದಕ್ಕೆ ಊಟ ಅಂತ ಅನ್ನಿಸುವುದೇ ಇಲ್ಲ. ತುದಿ ಮೊಂಡಾದ ಚಿಮಟದಲ್ಲಿ ಹುಳ ಹಿಡಿದು, ಮೂತಿಯಿಂದ ನಾಲ್ಕು ಬೆರಳು ದೂರದಲ್ಲಿ ಮೆಲ್ಲಗೆ ಅಲುಗಿಸಿ. ಮೂತಿಗೆ ತಾಗಿಸಬೇಡಿ. ಬಾಯಿ ಬಿಡಿಸಿ ತುರುಕುವುದಂತೂ ಬೇಡವೇ ಬೇಡ.

ಹತ್ತನೇ ರಾತ್ರಿ ಹೀಗೇ ಹಿಡಿದು ಕೂತಿದ್ದೆ. ಗುಂಡನ ಹಿಂಗಾಲಿನ ಬೆರಳು ಪಟಪಟ ಅಲುಗಿತು. ತಲೆ ಸ್ವಲ್ಪ ವಾಲಿತು. ಒಂದೇ ನೆಗೆತ. ನುಂಗುವಾಗ ಎರಡೂ ಕಣ್ಣು ತಲೆಯೊಳಗೆ ಇಳಿದು ಮತ್ತೆ ಮೇಲೆ ಬಂದವು. ಕಣ್ಣುಗುಡ್ಡೆಯಿಂದಲೇ ಊಟವನ್ನು ಒಳಗೆ ದೂಡಿಕೊಳ್ಳುತ್ತವೆ ಇವು! ಮಗಳನ್ನು ಎಬ್ಬಿಸಿ ಹೇಳಿದೆ.

ಒಂದು ಸಲ ಎಂಟು ಹುಳ ಒಟ್ಟಿಗೆ ಬಿಟ್ಟು ಮಲಗಿದ್ದೆ. ಬೆಳಗ್ಗೆ ನೋಡಿದರೆ ಎರಡು ಅವನ ಬೆನ್ನ ಮೇಲೇ ಓಡಾಡುತ್ತಿದ್ದವು. ಹಸಿದ ಕ್ರಿಕೆಟ್ ಕಪ್ಪೆಯನ್ನು ಕಚ್ಚುತ್ತದೆ, ಹಾಗಾಗಿ ಎರಡು ಮೂರು ಸಾಕು, ಉಳಿದದ್ದನ್ನು ತೆಗೆದುಬಿಡಿ. ತಿನ್ನಲು ಶುರು ಮಾಡಿದ ಮೇಲೆ ಹುಳಕ್ಕೆ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ. ಹಿತ್ತಲಲ್ಲಿ ಹಿಡಿದ ಹುಳ ಬೇಡ, ಔಷಧಿ ಸಿಂಪಡಿಸಿದ್ದಿರಬಹುದು. ಮಿಣುಕುಹುಳ ವಿಷ.

ಚೆನ್ನಾಗಿ ಮೈ ಇರುವ ದೊಡ್ಡ ಕಪ್ಪೆ ಒಂದೆರಡು ವಾರ ಉಪವಾಸ ತಡೆಯುತ್ತದೆ. ಮರಿ ತಡೆಯುವುದಿಲ್ಲ, ನಾಲ್ಕೈದು ದಿನಕ್ಕೇ ಪಶುವೈದ್ಯರನ್ನು ವಿಚಾರಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬಿ ಸಮೇತ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ, ಹೊಟ್ಟೆ ಊದಿದರೆ, ತೊಡೆಯ ಒಳಭಾಗ ಕೆಂಪಾದರೆ ಕಾಯಬೇಡಿ. ಕಪ್ಪೆಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ. ಹೋಗುವಾಗ ತಾಜಾ ಹಿಕ್ಕೆಯನ್ನೂ ಡಬ್ಬಿಯಲ್ಲಿ ಒಯ್ಯಿರಿ, ಹೊಟ್ಟೆಹುಳ ಇದೆಯಾ ಅಂತ ನೋಡಲು ಅದು ಬೇಕಾಗುತ್ತದೆ.