ಇಂಗ್ಲಿಷ್ ವಾಕ್ಯಗಳಲ್ಲಿ ಡ್ಯಾಶ್ ಬಳಸುವವರ ಗಮನಕ್ಕೆ

ಇಂಗ್ಲಿಷಿನಲ್ಲಿ ಅರ್ಜಿ, ವರದಿ ಅಥವಾ ಪ್ರಬಂಧ ಬರೆಯುವವರಲ್ಲಿ ಅನೇಕರು ಹೈಫನ್, ಎನ್ ಡ್ಯಾಶ್ ಮತ್ತು ಎಮ್ ಡ್ಯಾಶ್ ಎಂಬ ಮೂರು ಬೇರೆ ಬೇರೆ ಗೆರೆಗಳನ್ನು ಒಂದೇ ಎಂದು ಭಾವಿಸುತ್ತಾರೆ. ಹೈಫನ್ ಪದಗಳನ್ನು ಬೆಸೆಯುತ್ತದೆ; 'ಎ ವೆಲ್-ನೋನ್ ರೈಟರ್' ಎಂಬಲ್ಲಿರುವುದು ಅದೇ. ಅದಕ್ಕಿಂತ ತುಸು ಉದ್ದವಾದ ಎನ್ ಡ್ಯಾಶ್ ವ್ಯಾಪ್ತಿಯನ್ನು ಸೂಚಿಸುತ್ತದೆ: 2019–2023, ಪುಟ 45–52. ಆದರೆ ಮೊದಲ ವರ್ಷಕ್ಕೆ ಮುಂಚೆ 'ಫ್ರಮ್' ಎಂಬ ಪದ ಬಂದರೆ ಎರಡು ವರ್ಷಗಳ ನಡುವೆ 'ಟು' ಎಂದೇ ಬರೆಯಬೇಕು. ಅಲ್ಲಿ ಗೆರೆ ಸಲ್ಲದು.

ಹೆಚ್ಚು ಎಚ್ಚರ ಬೇಕಾದುದು ಎಲ್ಲಕ್ಕಿಂತ ಉದ್ದವಾದ ಎಮ್ ಡ್ಯಾಶ್ ವಿಷಯದಲ್ಲಿ. 'ಮೈ ಬ್ರದರ್—ದಿ ಒನ್ ಇನ್ ಮೈಸೂರು—ಈಸ್ ಎ ಡಾಕ್ಟರ್' ಎಂಬಂತೆ ವಾಕ್ಯದ ನಡುವೆ ವಿವರಣೆಯೊಂದನ್ನು ಸೇರಿಸಿದಾಗ ಅದರ ಎರಡೂ ಬದಿಯಲ್ಲಿ ಗೆರೆ ಇರಬೇಕು. ಒಂದು ಕಡೆ ಗೆರೆ ಎಳೆದು ಇನ್ನೊಂದು ಕಡೆ ಅಲ್ಪವಿರಾಮ ಹಾಕಿ ಮುಗಿಸುವುದು ನಾನು ತಿದ್ದುವ ಬರಹಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಗೆರೆಗಳ ನಡುವಿನ ಭಾಗವನ್ನು ಬಿಟ್ಟು ಓದಿ ನೋಡಿ; ಉಳಿದ ವಾಕ್ಯ ತಾನಾಗಿಯೇ ಪೂರ್ಣವಾಗಿದ್ದರೆ ಬಳಕೆ ಸರಿಯಾಗಿದೆ ಎಂದರ್ಥ. ಅಮೆರಿಕದ ಬರವಣಿಗೆ ಕೈಪಿಡಿಯೊಂದು ಹೇಳುವ ಶಿಕಾಗೊ ಶೈಲಿಯಲ್ಲಿ ಎಮ್ ಡ್ಯಾಶ್‌ನ ಅಕ್ಕಪಕ್ಕ ಜಾಗ ಬಿಡುವುದಿಲ್ಲ. ಬ್ರಿಟನ್ನಿನ ಅನೇಕ ಪ್ರಕಾಶಕರು ಅದರ ಬದಲು ಎರಡೂ ಕಡೆ ಜಾಗ ಬಿಟ್ಟು ಎನ್ ಡ್ಯಾಶ್ ಬಳಸುತ್ತಾರೆ. ಯಾವುದನ್ನು ಆರಿಸಿಕೊಂಡರೂ ಬರಹದುದ್ದಕ್ಕೂ ಅದನ್ನೇ ಪಾಲಿಸಿ. ಒಂದೇ ವಾಕ್ಯದಲ್ಲಿ ಮೂರನೆಯ ಡ್ಯಾಶ್ ಬೇಕೆನಿಸಿದರೆ ಆ ವಾಕ್ಯವನ್ನು ಎರಡಾಗಿ ಒಡೆಯುವುದೇ ಲೇಸು.

ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಕೀಲಿಯನ್ನು ಒತ್ತಿಹಿಡಿದು ಬಲಬದಿಯ ಅಂಕಿಗಳ ಕೀಲಿಗಳಲ್ಲಿ 0150 ಒತ್ತಿದರೆ ಎನ್ ಡ್ಯಾಶ್, 0151 ಒತ್ತಿದರೆ ಎಮ್ ಡ್ಯಾಶ್ ಮೂಡುತ್ತದೆ.